ಆಂಪ್ಲಿಫೈಯರ್ ಬೇಡ, ಕೌದಿ ತನ್ನಿ

ಅಂತೂ ಉಪನ್ಯಾಸಕರ ಮಾತು ಕೊನೆಯ ಸಾಲಿಗೂ ಮಾತಾಗಿಯೇ ತಲುಪಿತು. ಧಾರವಾಡ ಕಡೆಯ ಒಂದು ಪದವಿ ಕಾಲೇಜಿನ ಸಾಂಸ್ಕೃತಿಕ ವಾರಕ್ಕೆ ಪ್ರತಿ ವರ್ಷ ಸೌಂಡ್ ನೋಡಿಕೊಳ್ಳುವುದು ನನ್ನ ಸಂಬಳವಿಲ್ಲದ ಚಟ. ಬೆಳಿಗ್ಗೆ ಸಾರ್ವಜನಿಕ ಉಪನ್ಯಾಸ, ಮಧ್ಯಾಹ್ನ ಕವಿಗೋಷ್ಠಿ, ಸಂಜೆ ನಾಟಕ, ನಡುನಡುವೆ ವಿದ್ಯಾರ್ಥಿಗಳ ಕೈಕೆಲಸದ ಪ್ರದರ್ಶನ. ಮಿಕ್ಸರ್ ಜೋಡಿಸಿದ್ದು, ಕೇಬಲ್ ಎಳೆದದ್ದು, ಗೇನ್ ಹೊಂದಿಸಿದ್ದು ನಿಮಗೆಲ್ಲ ಗೊತ್ತಿರುವ ಸಂಗತಿ, ಬಿಟ್ಟೆ. ಈ ಸಲದ ಪುರಾಣವೆಲ್ಲ ಹಾಲ್‌ದೇ.

18 ಮೀಟರ್ ಉದ್ದ, 12 ಅಗಲ, 6 ಎತ್ತರ. ಕಲ್ಲಿನ ನೆಲ, ಬೋಳು ಗೋಡೆ, ಆರ್‌ಸಿಸಿ ಛಾವಣಿ, ಪ್ಲಾಸ್ಟಿಕ್ ಕುರ್ಚಿ. ಸದ್ದನ್ನು ಹೀರಿಕೊಳ್ಳುವಂಥದ್ದು ಅಲ್ಲಿ ಏನೆಂದರೆ ಏನೂ ಇಲ್ಲ. ಪಕ್ಕದ ಗೋಡೆಗಳ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಟಪ್-ಟಪ್-ಟಪ್ ಎಂದು ಅತ್ತಿಂದಿತ್ತ ಬಡಿದಾಡುತ್ತಾ ಸಾಯುತ್ತಿತ್ತು. ಬಲೂನು ಒಡೆದು ಆರ್‌ಇಡಬ್ಲ್ಯೂ ಎಂಬ ಅಳತೆಯ ತಂತ್ರಾಂಶದಲ್ಲಿ ನೋಡಿದರೆ ಆರ್‌ಟಿ60, ಅಂದರೆ ಸದ್ದು 60 ಡೆಸಿಬೆಲ್ ಇಳಿದು ಅಡಗಲು ಹಿಡಿಯುವ ಸಮಯ, ಬರೋಬ್ಬರಿ 2.6 ಸೆಕೆಂಡ್. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವಲ್ಲ, ಆ ಸ್ವರದ ಬಾಲ ಮುಂದಿನ ಪದದ ತಲೆಯ ಮೇಲೆ ಬಂದು ಕೂರುತ್ತದೆ. ತ, ಪ, ಕ ಎಲ್ಲ ಮಾಯ. ವೇದಿಕೆಯ ಮೇಲಿದ್ದವರಿಗೆ ಇನ್ನೊಂದು ಕಾಟ: ಹಿಂದಿನ ಗೋಡೆಗೆ ಬಡಿದ ಅವರದೇ ಮಾತು 36 ಮೀಟರ್ ಸುತ್ತಿ ಸುಮಾರು 105 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತಿತ್ತು. 50 ದಾಟಿದರೇ ಕಿವಿ ಅದನ್ನು ಬೇರೆ ಸದ್ದು ಎಂದು ಹಿಡಿಯುತ್ತದೆ. ಪಾಪ, ಭಾಷಣಕಾರರು ನಡುವೆ ನಿಂತು ನಿಂತು ಮಾತಾಡುತ್ತಿದ್ದುದು ಗಾಂಭೀರ್ಯಕ್ಕಲ್ಲ.

ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬಳಿ ಮದ್ದು ಸಿದ್ಧವಿತ್ತು. "ಸರ, ಇನ್ನೆರಡು ಬಾಕ್ಸ್ ಹಚ್ಚಿಬಿಡೋಣ್ರಿ, ಕೇಳಸ್ತೈತಿ." ವಾಲ್ಯೂಮ್ ಏರಿಸಿದರೆ ಮಾತಿನ ಜೊತೆಗೆ ಅದರ ಬಾಲವೂ ಅಷ್ಟೇ ಏರುತ್ತದೆ ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ನನ್ನ ದನಿಯೇ ಬಿದ್ದುಹೋಯಿತು.

ಲೆಕ್ಕ ಹಾಕಿದಾಗ ಒಂದು ತಮಾಷೆ ಕಂಡಿತು. ಸದ್ದು ಅಡಗುವ ಆ ಸಮಯ ಹೇಳುವ ಸೇಬಿನ್ ಸೂತ್ರ ನಿಮಗೆ ಗೊತ್ತು: 0.161 ಗುಣಿಸು ಘನ ಅಳತೆ, ಭಾಗಿಸು ಒಟ್ಟು ಹೀರಿಕೆ. ನಮ್ಮ ಹಾಲ್ 1,296 ಘನ ಮೀಟರ್, 2.6 ಸೆಕೆಂಡ್ ಅಂದರೆ ಹೀರಿಕೆ ಬರೀ 80 ಚದರ ಮೀಟರ್. ಕೂತ ಮನುಷ್ಯನೊಬ್ಬ ಸುಮಾರು 0.45 ಸೇರಿಸುತ್ತಾನೆ. ನಾಟಕಕ್ಕೆ 250 ಜನ ಸೇರಿದರೆ 1.1 ಸೆಕೆಂಡಿಗೆ ಇಳಿದು ಹಾಲ್ ತಾನೇ ಸರಿಹೋಗುತ್ತದೆ. ಉಪನ್ಯಾಸಕ್ಕೆ ಬರುವ 40 ಜನಕ್ಕೆ 2.1ರಲ್ಲೇ ನಿಲ್ಲುತ್ತದೆ. ಜನ ಬರುವುದಿಲ್ಲ, ಹಾಗಾಗಿ ಮಾತು ಕೇಳುವುದಿಲ್ಲ. ಮಾತು ಕೇಳುವುದಿಲ್ಲ, ಹಾಗಾಗಿ ಜನ ಬರುವುದಿಲ್ಲ. "ಇವತ್ತಿನ ಹುಡುಗರಿಗೆ ಗಂಭೀರ ವಿಚಾರ ಬೇಡ" ಎಂದು ವರ್ಷ ವರ್ಷ ಕೊರಗುವ ಪ್ರಾಧ್ಯಾಪಕರಿಗೆ ಈ ಲೆಕ್ಕ ತೋರಿಸಿದೆ. ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಸದ್ದು ಹೀರುವ ಪ್ಯಾನೆಲ್‌ಗೆಂದು ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ಎಳೆಯ ಹಲಗೆ) ಹೇಳಿದ್ದೆ. ಬಂದದ್ದು ಗಾಜಿನ ಎಳೆಯ ಗ್ಲಾಸ್‌ವೂಲ್ ಸುರುಳಿ. ಫೋನ್ ಮಾಡಿದರೆ "ಎರಡೂ ಒಂದೇ ಸರ್, ಇದು ಇನ್ನೂ ಮೆತ್ತಗಿದೆ" ಎಂಬ ಸಮಾಧಾನ! ಇನ್ನೊಬ್ಬ ಪುಣ್ಯಾತ್ಮ 'ಅಕೌಸ್ಟಿಕ್ ಬಟ್ಟೆ' ಎಂದು ರೆಕ್ಸಿನ್‌ನ ತಮ್ಮನಂತಿದ್ದ ಏನನ್ನೋ ತೋರಿಸಿದ. ಬಾಯಿಗಿಟ್ಟು ಊದಿದರೆ ಉಸಿರು ಆಚೆ ಹೋಗಲೊಲ್ಲದು. ಗಾಳಿ ದಾಟದಲ್ಲಿ ಸದ್ದು ದಾಟೀತೇ? ಕೊನೆಗೆ ಗೋಣಿ ಬಟ್ಟೆಯನ್ನೇ ತೊಳೆದು ಬಿಗಿದೆ. ಜಗಳವಾಡಿ ಪಡೆದ ರಾಕ್‌ವೂಲ್ 12 ಪ್ಯಾನೆಲ್‌ಗೆ ಸಾಲುವಷ್ಟು ಮಾತ್ರ. 4 ಅಡಿ, 2 ಅಡಿಯ ಆ ಹನ್ನೆರಡನ್ನು ಹಿಂದಿನ ಗೋಡೆಗೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ, ಏಕೆಂದರೆ ಮೊಳೆ ಹೊಡೆಯಲು ಪ್ರಿನ್ಸಿಪಾಲರ ಅಪ್ಪಣೆ ಇಲ್ಲ. ತಡವಾಗಿ ಬರುತ್ತಿದ್ದ ಆ ಪ್ರತಿಧ್ವನಿ ಸತ್ತಿತು. ಗುಂಯ್‌ಗುಡುವುದು ಮಾತ್ರ ಹಾಗೇ.

ಸೇಬಿನ್ ನೆನಪಾದದ್ದು ಆಗಲೇ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಆರ್ಟ್ ಮ್ಯೂಸಿಯಂನ ಹೊಸ ಉಪನ್ಯಾಸ ಕೊಠಡಿಯಲ್ಲೂ ಇದೇ ಕಥೆ. ಅಲ್ಲಿ ಸದ್ದು ಐದೂವರೆ ಸೆಕೆಂಡ್ ಸುಳಿದಾಡುತ್ತಿತ್ತು. ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಸೇಬಿನ್ ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ದಿಂಬುಗಳನ್ನು ಹೊರಿಸಿ ತಂದು, ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆ ಊದಿಸಿ ಅಳೆದ. ದಿಂಬು ಹೆಚ್ಚಿದಷ್ಟೂ ಸದ್ದು ಬೇಗ ಅಡಗುತ್ತಿತ್ತು. ನಾವು ಬಳಸುವ ಸೂತ್ರ ಹುಟ್ಟಿದ್ದೇ ಹಾಗೆ.

ನಮ್ಮಲ್ಲಿ ದಿಂಬೆಲ್ಲಿ? ಆದರೆ ಕಾರಿಡಾರ್‌ನ ಪ್ರದರ್ಶನಕ್ಕೆಂದು ವಿದ್ಯಾರ್ಥಿಗಳು ಮನೆಮನೆಯಿಂದ ತಂದ 28 ಕೌದಿಗಳು ಮೇಜಿನ ಮೇಲೆ ಮಡಚಿ ಬಿದ್ದಿದ್ದವು. ಹಳೆ ಇಳಕಲ್ ಸೀರೆ, ಧೋತರ, ಅಂಗಿಯ ತುಂಡು ಪದರ ಪದರವಾಗಿ ಸೇರಿಸಿ ಒತ್ತೊತ್ತಾಗಿ ದಾರ ಓಡಿಸಿದವು. ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಒಂದೆರಡೂ ಇದ್ದವು. ಮೂಲೆಯಲ್ಲಿ ಮಡಚಿ ಹೊಲಿದ ಆ ಮುಕ್ಕೋನದ ಬಟ್ಟೆಹೂವು ನೋಡಿದರೆ ಗೊತ್ತಾಗುತ್ತದೆ. ಒಂದನ್ನು ಎತ್ತಿ ನೋಡಿದೆ, ಒಳ್ಳೇ ಭಾರ. ಊದಿದೆ, ಉಸಿರು ದಾಟಿತು.

ಕಿಟಕಿ ಸರಳುಗಳಿಗೆ ತಂತಿ ಎಳೆದು ಎರಡೂ ಪಕ್ಕದಲ್ಲಿ ತೂಗುಹಾಕಿದೆವು. ಗುಟ್ಟೆಲ್ಲ ಗೋಡೆಯಿಂದ ಬಿಟ್ಟ 15 ಸೆಂಟಿಮೀಟರ್ ಸಂದಿನಲ್ಲಿದೆ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣ ಅಲುಗುವುದೇ ಇಲ್ಲ, ಬಟ್ಟೆಗೆ ಕೆಲಸವಿಲ್ಲ. ಸದ್ದಿನ ತರಂಗದ ಉದ್ದದಲ್ಲಿ ಕಾಲು ಭಾಗದಷ್ಟು ಈಚೆ ಬಂದರೆ ಕಣ ಜೋರಾಗಿ ಓಡುತ್ತದೆ, ಪದರಗಳಿಗೆ ಉಜ್ಜಿ ಸುಸ್ತಾಗುತ್ತದೆ. 15 ಸೆಂಟಿಮೀಟರ್ ಕಾಲು ಭಾಗವಾಗುವುದು ಸುಮಾರು 570 ಹರ್ಟ್ಸ್ ಸದ್ದಿಗೆ, ಅದು ಮಾತಿನ ನಡುಮನೆ. ಖಾಲಿ ಹಾಲ್ 1.6ಕ್ಕೆ ಇಳಿಯಿತು, 40 ಜನ ಕೂತಾಗ 1.4. ಚಪ್ಪಾಳೆ ಬರೀ ಚಪ್ಪಾಳೆಯಾಯಿತು. ಡೊಳ್ಳಿನ ಗುಡುಗಿಗೆ ಕೌದಿ ಯಾವ ಲೆಕ್ಕ. ಡೊಳ್ಳನ್ನು ಮೈದಾನಕ್ಕೆ ಸಾಗಹಾಕಿದೆವು.

ಕೌದಿ ಕೊಟ್ಟ ಅಜ್ಜಿಯೊಬ್ಬರು ಬಂದು ನೋಡಿ, "ಹೊಚಗೊಳ್ಳೂದನ್ನ ಗೋಡಿಗೆ ಯಾಕ ಹೊಚ್ಚೀರಿ ತಮ್ಮಾ?" ಎಂದರು. ಮೊದಲ ಸಾಲಿನಲ್ಲಿ ಕೂರಿಸಿದೆ. ಪೂರ್ತಿ ಉಪನ್ಯಾಸ ಕೇಳಿ, ವಿಷಯದ ಮೇಲೆ ಒಂದು ಪ್ರಶ್ನೆಯನ್ನೂ ಒಗೆದರು.

ಅದೇ ಸಾಲಿನ ನಿವೃತ್ತ ಮೇಷ್ಟ್ರುಗಳಲ್ಲಿ ಅರ್ಧದಷ್ಟು ಜನರ ಕಿವಿಯಲ್ಲಿ ಶ್ರವಣಯಂತ್ರ. ಅದನ್ನು ಕಂಡಾಗಿನಿಂದ ತಲೆಯಲ್ಲಿ ಇಂಡಕ್ಷನ್ ಲೂಪ್ ಹುಳ ಹೊಕ್ಕಿದೆ. ಮಾತನ್ನು ಕಾಂತಕ್ಷೇತ್ರವಾಗಿ ಕಳಿಸಲು ಹಾಲ್ ಸುತ್ತ 60 ಮೀಟರ್ ಒಂದೇ ಸುತ್ತು ತಂತಿ. ಯಂತ್ರದಲ್ಲಿ ಆ ಕ್ಷೇತ್ರ ಹಿಡಿಯುವ ಪುಟ್ಟ ಸುರುಳಿ, ಟಿ-ಕಾಯಿಲ್, ಇದ್ದರೆ ಮಾತು ನೇರ ಕಿವಿಗೆ, ನಡುವೆ ಕೋಣೆಯ ಕಿರಿಕಿರಿಯೇ ಇಲ್ಲ. 1.5 ಚದರ ಮಿಲಿಮೀಟರ್ ತಾಮ್ರವಾದರೆ ರೋಧ ಬರೀ 0.7 ಓಮ್, ಸಾದಾ ಆಂಪ್ಲಿಫೈಯರ್ ಹೊಗೆ ಬಿಡುತ್ತದೆ. ಕರೆಂಟನ್ನೇ ಹಿಡಿತದಲ್ಲಿಡುವ 'ಕರೆಂಟ್ ಡ್ರೈವ್' ಆಂಪ್ಲಿಫೈಯರ್ ಕಟ್ಟಬೇಕು. ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಕೇಳುವುದು ಮೀಟರಿಗೆ 400 ಮಿಲಿಆಂಪಿಯರ್ ಕಾಂತಕ್ಷೇತ್ರ. ಆರ್‌ಸಿಸಿಯೊಳಗಿನ ಕಬ್ಬಿಣ ಅದರಲ್ಲಿ ಎಷ್ಟು ನುಂಗುತ್ತದೋ. ಹಳೆ ಕಟ್ಟಡದಲ್ಲಿ ಲೂಪ್ ಎಳೆದ ಅನುಭವವಿದ್ದವರು ದಯವಿಟ್ಟು ಹೇಳಿ.

ಅದಕ್ಕೂ ಮುಂಚೆ ಚಳಿ ಶುರುವಾಗುವುದರೊಳಗೆ ಕೌದಿಗಳನ್ನೆಲ್ಲ ಅವರವರ ಮನೆ ಮುಟ್ಟಿಸಬೇಕು. ಆ ಜಾಗಕ್ಕೆ ಬೇಕಾದ ಉಳಿದ ರಾಕ್‌ವೂಲ್ "ನಾಳೆ ಲೋಡ್ ಆಗುತ್ತೆ ಸರ್" ಹಂತದಲ್ಲಿದೆ.