ಅಜ್ಜ ಬಿಟ್ಟುಕೊಟ್ಟ ಅರ್ಧ ಟೆರೇಸು

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಮನೆ. ಹೋದ ಮೇ ತಿಂಗಳಲ್ಲಿ ಅಲ್ಲಿ ಟೆರೇಸಿನ ಮೇಲೆ ಸೋಲಾರ್ ಹಾಕಲು ಸರ್ವೇ ಮಾಡಿದವನು ನಾನೇ. 540 ವ್ಯಾಟಿನ 6 ಪ್ಯಾನೆಲ್, ಒಂದೇ ಸ್ಟ್ರಿಂಗ್, ಅಂದರೆ ಆರೂ ಒಂದೇ ಸರದಲ್ಲಿ ಜೋಡಿಸಿದ್ದು. 3 ಕಿಲೋವ್ಯಾಟಿಗೆ ಕೇಂದ್ರದ ಸಬ್ಸಿಡಿ 78,000 ರೂಪಾಯಿ ಅಂತಾದ ಮೇಲೆ ನಮಗೆ ಪುರುಸೊತ್ತಿಲ್ಲ. ಮಳೆ ಶುರುವಾಗುವ ಮೊದಲು ಎಲ್ಲ ಮುಗಿಸಬೇಕು ಅಂತ ಆಫೀಸಿನ ಗಡಿಬಿಡಿ ಬೇರೆ. ಸರ್ವೇ ಫಾರ್ಮಿನಲ್ಲಿ 'ನೆರಳು' ಅಂತ ಒಂದು ಕಾಲಂ ಇದೆ. ಮುಂದೆ ಎರಡೇ ಚೌಕ: ಇದೆ, ಇಲ್ಲ. ಯಾವ ತಿಂಗಳು, ಎಷ್ಟು ಗಂಟೆಗೆ ಅಂತ ಬರೆಯಲು ಜಾಗವೇ ಇಲ್ಲ.

ನಾನು 'ಇಲ್ಲ'ಕ್ಕೆ ಗುರುತು ಹಾಕಿದೆ.

ಮನೆಯ ಅಜ್ಜ ಅವತ್ತೇ ಹೇಳಿದ್ದರು. "ಬಡಗು ಬದಿ ನಂಗೆ ಬೇಕು, ಅಡಿಕೆ ಹಾಕ್ಲಿಕ್ಕೆ. ತೆಂಕು ಬದಿ ನೀನು ತಗೊ. ಅಲ್ಲಿ ಚಳಿಗೆ ಅಡಿಕೆ ಒಣಗುದಿಲ್ಲ."

ಇಬ್ಬನಿಯ ವಿಷಯ ಹೇಳ್ತಿದ್ದಾರೆ ಅಂದುಕೊಂಡೆ. ಒಳಗೊಳಗೇ ಖುಷಿ ಕೂಡ ಆಯ್ತು. ನಮಗೆ ಬೇಕಾದದ್ದೂ ತೆಂಕು ಬದಿಯೇ ಅಲ್ವಾ!

ಜೂನ್‌ನಿಂದ ಮಳೆ. ಯೂನಿಟ್ ಕಮ್ಮಿ ಬಂದರೂ ಯಾರೂ ಕೇಳಲಿಲ್ಲ. ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಅಜ್ಜನ ಫೋನ್ ಬಂತು. ದಿನಕ್ಕೆ 12 ಬರಬೇಕಾದಲ್ಲಿ 8 ಬರ್ತಾ ಉಂಟಂತೆ.

ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಸ್ಟ್ರಿಂಗ್ ವೋಲ್ಟೇಜ್ 280ರ ಆಸುಪಾಸು, ಪ್ಯಾನೆಲ್ ಕೇಬಲ್ಲಿನ ಎಂಸಿ4 ಕನೆಕ್ಟರ್ ಎಲ್ಲ ಗಟ್ಟಿ, ಅರ್ತಿಂಗ್ ಸರಿ. ಧೂಳು ಅಂತ ಹೇಳಿ ತೊಳೆದು ಬಂದೆ. ಮರುವಾರ ಮತ್ತೆ ಫೋನ್. ಇನ್ವರ್ಟರ್ ಮೇಲೆ ಗೂಬೆ ಕೂರಿಸಿ ಟಿಕೆಟ್ ಹಾಕಿದೆ. ಒಂಬತ್ತು ದಿನ ಕಾಯಿಸಿ ಬಂದ ಸರ್ವಿಸಿನವನು, ಅವನೂ ಬೆಳಿಗ್ಗೆಯೇ ಬಂದವನು, ಇನ್ವರ್ಟರಿಗೆ ಏನೂ ಆಗಿಲ್ಲ ಅಂತ ಬರೆದುಕೊಟ್ಟು ಹೋದ.

ಮೂರನೇ ಸಲ ಹೋದಾಗ ಅಜ್ಜ ಮೀಟರ್ ಹಿಡಿಯಲು ಬಿಡಲಿಲ್ಲ. ಒಂದು ಚೆಂಬು ಮಜ್ಜಿಗೆ ಕೊಟ್ಟು ಟೆರೇಸಿನಲ್ಲಿ ಕೂರಿಸಿದರು. "ಊಟ ಮಾಡಿಯೇ ಹೋಗುದು. ಎರಡು ಗಂಟೆಗೆ ನೋಡುವಾ."

ಆ ಕಾಯುವಿಕೆ ನನಗೆ ಈಗಲೂ ನೆನಪಿದೆ. ಅಜ್ಜ ಬಡಗು ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಚಾಲಿ ಅಡಿಕೆ ಮಗುಚುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ. ಆ್ಯಪಿನಲ್ಲಿ 2,100 ವ್ಯಾಟ್. ಎಲ್ಲ ಚೆನ್ನಾಗಿಯೇ ಇದೆಯಲ್ಲ ಅಂತ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನ ಮೂಲೆಯಲ್ಲಿ ಬೆರಳಿನ ಹಾಗೆ ಒಂದು ನೆರಳು. ತೆಂಗಿನ ಗರಿ. ಅದರ ಹಿಂದೆ ಇನ್ನೊಂದು. ನೋಡನೋಡುತ್ತಾ ಮೂರು ಪ್ಯಾನೆಲ್ಲಿನ ಮೇಲೂ ಗರಿಗಳು ಆಡತೊಡಗಿದವು. ಆ್ಯಪ್ ಅಪ್‌ಡೇಟ್ ಆಗಲು ಐದು ನಿಮಿಷ ಬೇಕು. ಆ ಐದು ನಿಮಿಷ ನಾನು ಫೋನನ್ನೇ ದಿಟ್ಟಿಸಿದೆ, ತಲೆ ಎತ್ತಲು ನಾಚಿಕೆ. 900 ವ್ಯಾಟ್.

ನೈರುತ್ಯದ ಮೂಲೆಯಲ್ಲಿ ಆ ತೆಂಗಿನಮರ ಮೇ ತಿಂಗಳಲ್ಲೂ ಇತ್ತು. ಆಗ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಬಡಗಿಗೇ ಇರ್ತಾನೆ. ಮರದ ನೆರಳು ಟೆರೇಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಡಿಸೆಂಬರಿನಲ್ಲಿ ನಡುಹಗಲಿಗೇ ತೆಂಕಿಗೆ 35 ಡಿಗ್ರಿ ವಾಲಿರ್ತಾನೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಟ್ರೈನಿಂಗಿನಲ್ಲಿ ಚಿತ್ರ ಬರೆದು ತೋರಿಸಿದ್ದರು.

"ಚಳಿಗೆ ಒಣಗುದಿಲ್ಲ ಅಂತ ಹೇಳಿದ್ದೆ ಅಲ್ವಾ?" ಅಂದರು ಅಜ್ಜ, ಅಡಿಕೆ ಮಗುಚುತ್ತಲೇ. ಬೈದಿದ್ದರೆ ಒಳ್ಳೆಯದಿತ್ತು.

ಮ್ಯಾನೇಜರಿಗೆ ಫೋನ್ ಮಾಡಿದರೆ, "ಮರ ಕಡಿಸಿ ಕಂಪ್ಲೇಂಟ್ ಕ್ಲೋಸ್ ಮಾಡು" ಅಂತ ಮಲಯಾಳದಲ್ಲಿ ಉತ್ತರ. ಎಸಿ ರೂಮಿನಲ್ಲಿ ಕೂತವರಿಗೆ ಫಲ ಕೊಡುವ ತೆಂಗು ಕಡಿಸುವುದು ಅಷ್ಟು ಸುಲಭ. ಅಜ್ಜನಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ಸಾಲಿನ ಮೂರೂ ಪ್ಯಾನೆಲ್ ಬಿಚ್ಚಿ ಬಡಗು ಬದಿಗೆ ಹಾಕುವುದೊಂದೇ ದಾರಿ. ಸ್ಟ್ರಕ್ಚರು, ಕೇಬಲ್ಲು, ಎರಡು ಜನರ ಒಂದು ದಿನದ ಕೆಲಸ. ಆ ಖರ್ಚಿಗೆ ಅಪ್ರೂವಲ್ ಸಿಗಲು ಹಿಡಿದದ್ದು ಮೂರು ವಾರ. ಫಾರ್ಮಿನಲ್ಲಿ ಈಗಲೂ ಎರಡೇ ಚೌಕ. ನಾನು ಪಕ್ಕದಲ್ಲಿ ಪೆನ್ನಿನಿಂದ ಬರೆಯುತ್ತೇನೆ: ಚಳಿಗಾಲಕ್ಕೆ ಅಡಿಕೆ ಎಲ್ಲಿ ಹಾಕ್ತಾರೆ?

ಅಜ್ಜ ಜಾಗ ಕೊಟ್ಟರು, ಒಂದು ಷರತ್ತಿನ ಮೇಲೆ. ಅಷ್ಟು ಅಡಿಕೆ ಈಗ ಕೆಳಗೆ ಅಂಗಳಕ್ಕೆ ಹೋಯ್ತಲ್ಲ, ಅಕಾಲದಲ್ಲಿ ಮಳೆ ಬಂದರೆ ರಾಶಿ ಮಾಡಲು ನಾನೂ ಬರಬೇಕು. ತಮಾಷೆ ಅಂತ ನಕ್ಕು ಒಪ್ಪಿದ್ದೆ. ಮೊನ್ನೆ ಮುಳ್ಳೇರಿಯದಲ್ಲಿ ಸೈಟಿನಲ್ಲಿದ್ದಾಗ ಫೋನ್ ಬಂತು.

"ಮೋಡ ಕಟ್ಟಿತು ಮಾರಾಯ. ನೀನು ಎಲ್ಲಿದ್ದಿ?"