ಹಲ್ಲು ಇಳಿಸಿದ ಮಿಷನ್ನು

ಫ್ರೀ ಮೋಷನ್ ಕ್ವಿಲ್ಟಿಂಗ್ ಕಲಿಯುತ್ತಿದ್ದೇನೆ, ಮನೆಯ ಹೊಲಿಗೆ ಮಿಷನ್ನಿನಲ್ಲೇ. ಅಂದರೆ ಬಟ್ಟೆಯ ಪದರಗಳನ್ನು ಕೈ ಹೋದತ್ತ ಸರಿಸುತ್ತಾ ಒಟ್ಟಿಗೆ ಹೊಲಿಯೋದು. ಸೂಜಿ ಕೆಳಗೆ ಬಟ್ಟೆ ಎಳೆಯುವ ಹಲ್ಲು ಇಳಿಸಿ, ಡಾರ್ನಿಂಗ್ ಫೂಟ್ (ಬಟ್ಟೆಯನ್ನು ಎತ್ತ ಬೇಕಾದರೂ ಸರಿಯಲು ಬಿಡುವ ಪಾದ) ಹಾಕಿದರೆ ಆಯ್ತು. ಆಮೇಲೆ ಬಟ್ಟೆಯನ್ನು ಮಿಷನ್ ಎಳೆದುಕೊಳ್ಳುವುದಿಲ್ಲ, ಎತ್ತ ಬೇಕೋ ಅತ್ತ ನಾವೇ ಸರಿಸಬೇಕು. ಹೊಲಿಗೆಯ ಉದ್ದವೂ ಕೈಯದೇ ಲೆಕ್ಕ. ಕೈ ಓಡಿದರೆ ಉದ್ದುದ್ದ, ನಿಧಾನಿಸಿದರೆ ಒತ್ತೊತ್ತು. ತಿರುವಿನಲ್ಲಿ ಮಿಷನ್ನಿಗಿಂತ ಕೈ ಜೋರಾದರೆ ಮೇಲಿನ ದಾರ ಬಟ್ಟೆಯ ಹಿಂಬದಿಗೆ ಸೆಳೆದು ಕಣ್ರೆಪ್ಪೆ ಹಾಗೆ ಸಾಲಾಗಿ ನಿಲ್ಲುತ್ತದೆ. ಮುಂದಿನಿಂದ ನೋಡಿದರೆ ಗೊತ್ತೇ ಆಗಲ್ಲ! ಅದಕ್ಕೇ ಆಗಾಗ ತಿರುಗಿಸಿ ನೋಡಬೇಕು.

ಅತ್ತೆ ಹಳೇ ಸೀರೆ ಮಡಚಿ, ಬರೀ ಸೂಜಿ ದಾರದಲ್ಲಿ ಕೌದಿ ಹೊಲಿದವರು. "ಇದೇನವ್ವಾ, ಹಿಂಗ್ ಸೊಟ್ಟ ಸೊಟ್ಟ ಹೊಲಿತೀಯಲ್ಲ?" ಅಂದರು. ಸೊಟ್ಟ ಹೋಗೋದೇ ಇದರ ಡಿಸೈನು ಅತ್ತೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಆದರೂ ಎರಡೂ ಒಂದೇ ಕೆಲಸ ಅಲ್ವಾ? ಪದರಗಳು ಜಾರದ ಹಾಗೆ ಹಿಡಿದಿಡೋದು.

ಒಂದು ತಮಾಷೆ. ಹತ್ತಿ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮ ದಾವಣಗೆರೆ. ಇಲ್ಲಿ ಕ್ವಿಲ್ಟಿನ ಪದರಗಳ ನಡುವೆ ಹಾಕುವ ತೆಳ್ಳನೆ ಹತ್ತಿ ಹಾಳೆ ಕೇಳಿದರೆ ಅಂಗಡಿಯವರು ದಿಂಬಿನ ಹತ್ತಿ ತೋರಿಸುತ್ತಾರೆ. ಸದ್ಯಕ್ಕೆ ಹಳೇ ಬೆಡ್‌ಶೀಟೇ ಗತಿ. ಯಾರ ಮನೆಯಲ್ಲಾದರೂ ಸವೆದ ಕಾಟನ್ ಸೀರೆ ಇದ್ದರೆ ಸುಮ್ನೆ ಎಸೀಬೇಡಿ, ನಾನೇ ಬಂದು ಒಯ್ಯುತ್ತೇನೆ.