ಲೀಟರ್ ನೋಡಿದೆ, ಅಗಲ ನೋಡಲಿಲ್ಲ

ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಓಡುವ ಆಟ, ವಿಂಡ್‌ಸರ್ಫಿಂಗ್, ನನ್ನದು. ಬೆಳಿಗ್ಗೆ ಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಇತ್ತು. ಮಧ್ಯಾಹ್ನದ ಹೊತ್ತಿಗೆ ಗೆಳೆಯನ ಕೈಯಲ್ಲಿದ್ದ ಪುಟ್ಟ ಗಾಳಿಮಾಪಕ 26 ತೋರಿಸುತ್ತಿತ್ತು, ರಭಸ ಬಂದಾಗ 30. ಹನ್ನೊಂದು ನಾಟ್ ತಾನೇ ಹೆಚ್ಚಾಗಿದ್ದು ಅನ್ನಿಸಬಹುದು. ಆದರೆ ಹಾಯಿಯ ಮೇಲಿನ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಸಾಲದ್ದಕ್ಕೆ ಇಳಿತದ ನೀರು ಗಾಳಿಗೆ ಎದುರಾಗಿ ಹರಿಯುತ್ತಿತ್ತು. ಅಲೆಗಳು ಮೊಣಕಾಲೆತ್ತರಕ್ಕೆ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಅಂಟಿಕೊಂಡಂತೆ ಏಳುತ್ತಿದ್ದವು. ವಿಂಡ್‌ಸರ್ಫಿಂಗ್ ಮಾಡುವವರು ಚಾಪ್ ಅನ್ನುವುದು ಇದಕ್ಕೇ.

6.5 ಚದರ ಮೀಟರಿನ ಹಾಯಿ ಬಿಚ್ಚಿ 5.0 ಕಟ್ಟಿದೆ. ಬೋರ್ಡ್ ಮಾತ್ರ ಅದೇ: 115 ಲೀಟರ್ ಗಾತ್ರ, 70 ಸೆಂಟಿಮೀಟರ್ ಅಗಲ, ಅಡಿಯಲ್ಲಿ ನೀರೊಳಗೆ ಇಳಿದಿರುವ 40 ಸೆಂಟಿಮೀಟರಿನ ರೆಕ್ಕೆ, ಅಂದರೆ ಫಿನ್.

"ಹಾಯಿ ಬದಲಾಯಿಸಿದೆಯಲ್ಲೋ, ಬೋರ್ಡ್ ಯಾಕೆ ಅದೇ?" ಅಂದ ಗೆಳೆಯ.

"ನೀರು ಒರಟಾಗಿದೆ ಮಾರಾಯ, ದೊಡ್ಡದಿದ್ದರೆ ಧೈರ್ಯ" ಅಂದೆ. ಅವನು ನಕ್ಕು ಸುಮ್ಮನಾದ. ಆ ನಗುವಿಗೆ ಅರ್ಥ ಕೇಳಬೇಕಿತ್ತು.

ದೋಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೋರ್ಡ್ ಒಮ್ಮೆ ಪ್ಲೇನಿಂಗ್‌ಗೆ ಏರಿತೆಂದರೆ ನೀರನ್ನು ಸೀಳಿಕೊಂಡು ಹೋಗುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ಆಗ ಆ ಅಗಲವಾದ ಚಪ್ಪಟೆ ಹೊಟ್ಟೆಗೆ ಪ್ರತಿ ಅಲೆಯೂ ಒಂದೊಂದು ಏಟು. ಪಟ್, ಪಟ್, ಪಟ್. ಹತ್ತು ಸೆಕೆಂಡಿಗೆ ಹಿಮ್ಮಡಿ ಮರಗಟ್ಟಿತು. ಉದ್ದ ಫಿನ್ ಬೋರ್ಡಿನ ಒಂದು ಅಂಚನ್ನು ಎತ್ತುತ್ತಿದ್ದರೆ, ಮೂತಿಯಡಿ ನುಗ್ಗಿದ ಗಾಳಿ ಉಳಿದದ್ದನ್ನು ಎತ್ತುತ್ತಿತ್ತು. ಪಾದ ತೂರಿಸುವ ಪಟ್ಟಿಗಳು, ಅಂದರೆ ಫುಟ್‌ಸ್ಟ್ರ್ಯಾಪ್‌ಗಳು, ತೀರಾ ಅಂಚಿನಲ್ಲಿದ್ದವು. ಹಿಂದಿನದಕ್ಕೆ ಕಾಲು ತೂರಿಸಲು ಹೋದಾಗಲೆಲ್ಲ ಬೋರ್ಡೇ ಜಾಗದಲ್ಲಿ ಇರುತ್ತಿರಲಿಲ್ಲ. ನಾಲ್ಕನೆಯದೋ ಐದನೆಯದೋ ಹಾರಿಕೆಯಲ್ಲಿ ಮೂತಿ ಮುಂದಿನ ಅಲೆಗೆ ಚುಚ್ಚಿ ಗಕ್ಕನೆ ನಿಂತಿತು. ಮೈಗೆ ಕಟ್ಟಿಕೊಂಡ ಹಾರ್ನೆಸ್‌ನ ಕೊಕ್ಕೆ, ಹಾಯಿ ಹಿಡಿಯುವ ಅಡ್ಡಕೋಲಾದ ಬೂಮಿನ ಹಗ್ಗದಲ್ಲೇ ಸಿಕ್ಕಿತ್ತು, ಹಾಗಾಗಿ ಹಾಯಿ ಹೋದಲ್ಲಿಗೆ ನಾನೂ ಹೋದೆ. ಬೋರ್ಡಿನ ಮೂತಿಗೆ ಮಾಸ್ಟ್, ಅಂದರೆ ಹಾಯಿಯ ಕಂಬ, ಬಡಿದ ಸದ್ದು ನೀರೊಳಗೂ ಕೇಳಿಸಿತು.

ದಡಕ್ಕೆ ಬಂದು, ದೊಡ್ಡ ಬೋರ್ಡಿನಿಂದ ಒಮ್ಮೆಲೇ ತೀರಾ ಚಿಕ್ಕದಕ್ಕೆ ಹಾರಿದೆ. ಗೆಳೆಯನ 75 ಲೀಟರಿನ, ಅಲೆಗಳಲ್ಲಿ ಆಡಲೆಂದೇ ಮಾಡಿದ ಬೋರ್ಡ್ ಕೇಳಿ ಪಡೆದೆ. ಮೊದಲ ಇನ್ನೂರು ಮೀಟರ್ ಬೆಣ್ಣೆಯಲ್ಲಿ ಚಾಕು ಆಡಿದಂತಿತ್ತು, ಅಲೆಗಳು ಇವೆಯೋ ಇಲ್ಲವೋ ಅನ್ನುವ ಹಾಗೆ. ಆಮೇಲೆ ಗಾಳಿ ಅರೆಕ್ಷಣ ಉಸಿರು ಹಿಡಿಯಿತು, ಬೋರ್ಡ್ ಕಾಲಡಿಯಲ್ಲೇ ಮುಳುಗಿತು. ನನ್ನ ತೂಕ 78 ಕಿಲೋ. ಬೋರ್ಡು ಏಳು, ಮಾಸ್ಟು-ಬೂಮು-ಹಾಯಿ ಸೇರಿ ಒಂಬತ್ತು, ಒದ್ದೆ ವೆಟ್‌ಸೂಟು ಹಾರ್ನೆಸ್ಸು ಮೂರು. ಒಟ್ಟು 97. ಉಪ್ಪುನೀರಿನಲ್ಲಿ ಅಷ್ಟು ಭಾರ ತೇಲಲು ಸುಮಾರು 95 ಲೀಟರ್ ಬೇಕು. ಈ ಲೆಕ್ಕವನ್ನು ನಾನು ಮಾಡಿದ್ದು ಎದೆಯವರೆಗೆ ಮುಳುಗಿ ಬೂಮ್ ಹಿಡಿದು ತೇಲುತ್ತಾ! ಬೋರ್ಡಿನ ಮೇಲೆ ನಿಂತು ಹಗ್ಗದಿಂದ ಹಾಯಿ ಎತ್ತುವ ಮಾತೇ ಇಲ್ಲ. ನೀರಲ್ಲಿ ತೇಲುತ್ತಲೇ ಹಾಯಿಗೆ ಗಾಳಿ ಹಿಡಿಸಿ ಮೇಲೇಳುವ ವಾಟರ್‌ಸ್ಟಾರ್ಟ್ ಒಂದೇ ದಾರಿ, ಅದಕ್ಕೆ ನನ್ನನ್ನು ನೀರಿಂದ ಎತ್ತುವಷ್ಟು ಗಾಳಿ ಬೇಕು. ರಭಸಗಳ ನಡುವೆ ಹಳ್ಳ ಬೀಳುವ ಗಾಳಿಯಲ್ಲಿ ಅದಕ್ಕಾಗಿ ಕಾಯುತ್ತಾ ಇಪ್ಪತ್ತು ನಿಮಿಷ ಕಳೆದೆ. ನನಗಿಂತ ಹತ್ತು ಕಿಲೋ ಹಗುರಾದ ಗೆಳೆಯನಿಗೆ ಅದೇ ಬೋರ್ಡ್ ಚೆನ್ನಾಗಿಯೇ ಹೊಂದುತ್ತದೆ, ಅದು ಬೇರೆ ಮಾತು.

ಮೂರನೆಯದು ನನ್ನದೇ ಇನ್ನೊಂದು ಬೋರ್ಡ್. 92 ಲೀಟರ್, 61 ಸೆಂಟಿಮೀಟರ್. ನಯವಾದ ನೀರಿನಲ್ಲಿ ಸಪ್ಪೆ ಅನ್ನಿಸಿ ಚೀಲದಿಂದ ತೆಗೆಯುವುದನ್ನೇ ಬಿಟ್ಟಿದ್ದೆ. ಗಾಳಿ ಸತ್ತರೆ ಪಾದ ಮುಳುಗಿ ಮೆಲ್ಲಗೆ ಇಳಿಯುತ್ತದೆ, ಹಾಯಿಯಲ್ಲಿ ಒಂದಿಷ್ಟು ಜೀವ ಇದ್ದರೂ ತಡೆದುಕೊಳ್ಳುತ್ತದೆ. ಗೆಳೆಯ 32ರ ಫಿನ್ ಬಿಚ್ಚಿಸಿ 26ರದ್ದು ಹಾಕಿಸಿದ. ಮಾಸ್ಟಿನ ಬುಡ ಒಂದು ಸೆಂಟಿಮೀಟರ್ ಮುಂದೆ ಸರಿಸಿದ್ದು ಮೂತಿ ತಗ್ಗಿರಲಿ ಅಂತ. ಹಾಯಿಯನ್ನು ಕೆಳಕ್ಕೆ ಬಿಗಿಯುವ ಹಗ್ಗವನ್ನು, ಅಂದರೆ ಡೌನ್‌ಹಾಲನ್ನು, ಇನ್ನೆರಡು ಸೆಂಟಿಮೀಟರ್ ಎಳೆದಾಗ ಹಾಯಿಯ ತಲೆಭಾಗ ಸಡಿಲಾಗಿ, ರಭಸವನ್ನು ಹಿಂದಕ್ಕೆ ಚೆಲ್ಲತೊಡಗಿತು.

ಅದೇ ನೀರು, ಅದೇ 5.0. ಅಲೆ ಬಂದಾಗ ಮೊಣಕಾಲು ಮಡಿಸಿದರೆ ಸಾಕು, ಬೋರ್ಡ್ ಕಾಲಡಿಯಲ್ಲೇ ಉಳಿಯಿತು. ಸ್ಟ್ರ್ಯಾಪ್‌ಗಳು ಒಳಗೆ ಇದ್ದದ್ದರಿಂದ ಹಿಂದಿನ ಕಾಲು ತಡಕಾಡಲಿಲ್ಲ. ಕುಲುಕಾಟ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸುತ್ತಿದ್ದವನು ನಾನು. ಇಷ್ಟು ವರ್ಷ ಬೋರ್ಡಿನ ಮೇಲೆ ಅಚ್ಚಾಗಿರುವ ಲೀಟರನ್ನು ಮಾತ್ರ ಓದುತ್ತಿದ್ದೆ. ಒಂದೇ ಲೀಟರಿನ ಎರಡು ಬೋರ್ಡುಗಳ ಅಗಲದಲ್ಲಿ ಐದು ಸೆಂಟಿಮೀಟರ್ ವ್ಯತ್ಯಾಸ ಮಾಮೂಲು. ಲೀಟರ್ ಹೇಳುವುದು ನಿಂತಾಗ ಎಷ್ಟು ಮುಳುಗುತ್ತೇನೆ ಅನ್ನುವುದನ್ನು. ಓಡುವಾಗ ಚಾಪಿಗೆ ಏಟು ಹೊಡೆಯಲು ಸಿಗುವುದು ಅಗಲ.

ಸಂಜೆ 115ನ್ನು ತೊಳೆಯುವಾಗ ಮೂತಿಯ ಮೇಲೆ ಹೆಬ್ಬೆರಳುದ್ದದ ಬಿರುಕು ಕಂಡಿತು. ಒತ್ತಿದರೆ ಸಣ್ಣಗೆ ಗುಳ್ಳೆ ಬರುತ್ತಿತ್ತು. ಒಳಗೆ ನೀರು ಇಳಿದಿರಬೇಕು. ಬಿರುಕು ಕೆಳಗೆ ಬರುವಂತೆ ಮೂತಿ ತಗ್ಗಿಸಿ ಗೋಡೆಗೆ ಒರಗಿಸಿದೆ. ರಾತ್ರಿಯೆಲ್ಲ ತೊಟ್ಟಿಕ್ಕಿತು.